ಹನ್ನೊಂದಕ್ಕೆ ಏರಬೇಕೆ, ಹತ್ತರಲ್ಲೇ ಇರಬೇಕೆ?

2025ರ ಅಕ್ಟೋಬರ್ 15ರ ಬೆಳಿಗ್ಗೆ ಕೋಟ್ಯಂತರ ಮನೆಗಳಲ್ಲಿ ಕಂಪ್ಯೂಟರು ಎಂದಿನಂತೆಯೇ ಆನ್ ಆಯಿತು. ಪರದೆ ಕಪ್ಪಾಗಲಿಲ್ಲ, ಫೈಲುಗಳು ಎಲ್ಲಿಗೂ ಹೋಗಲಿಲ್ಲ, ಪ್ರಿಂಟರು ಎರಡು ಸಲ ಗೊಣಗಿ ಮೂರನೆಯ ಸಲಕ್ಕೆ ಮುದ್ರಿಸಿತು. ಆದರೆ ಹಿಂದಿನ ದಿನವಷ್ಟೇ ವಿಂಡೋಸ್ 10ರ ಆಯಸ್ಸು ಅಧಿಕೃತವಾಗಿ ಮುಗಿದಿತ್ತು. 2015ರ ಜುಲೈ 29ರಂದು ಬಂದ ಈ ಆಪರೇಟಿಂಗ್ ಸಿಸ್ಟಂಗೆ ಮೈಕ್ರೊಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಕಳಿಸುತ್ತಿದ್ದ ಉಚಿತ ಭದ್ರತಾ ಅಪ್‌ಡೇಟುಗಳು ಅಲ್ಲಿಗೆ ನಿಂತವು. ಹೀಗೆ ಏನೂ ಆಗದಂತೆ ಬಂದುಹೋದ ಗಡುವುಗಳೇ ಜನರನ್ನು ಹೆಚ್ಚು ಗೊಂದಲಕ್ಕೆ ಕೆಡವುತ್ತವೆ. ಕೆಟ್ಟು ನಿಂತಿದ್ದರೆ ರಿಪೇರಿ ಮಾಡಿಸಬಹುದಿತ್ತು. ಚೆನ್ನಾಗಿಯೇ ಓಡುತ್ತಿರುವುದನ್ನು ಬದಲಿಸಬೇಕೆಂದರೆ ಮನಸ್ಸು ಒಪ್ಪುವುದಿಲ್ಲ.

ಇದರಲ್ಲೊಂದು ತಮಾಷೆಯೂ ಇದೆ. 2015ರಲ್ಲಿ ಮೈಕ್ರೊಸಾಫ್ಟಿನ ಉದ್ಯೋಗಿಯೊಬ್ಬರು ಕಂಪನಿಯ ಸಮಾವೇಶದಲ್ಲೇ ವಿಂಡೋಸ್ 10 ಕೊನೆಯ ವಿಂಡೋಸ್ ಎಂದಿದ್ದರು. ಇನ್ನು ಮುಂದೆ ಹೊಸ ಹೆಸರಿನ ಆವೃತ್ತಿ ಬರುವುದಿಲ್ಲ, ಇದೇ ಕಾಲಕಾಲಕ್ಕೆ ಸುಧಾರಿಸುತ್ತ ಹೋಗುತ್ತದೆ ಎಂದು ಜಗತ್ತು ಅದನ್ನು ಅರ್ಥ ಮಾಡಿಕೊಂಡಿತು. ಆರು ವರ್ಷ ಕಳೆದು, 2021ರ ಅಕ್ಟೋಬರ್ 5ಕ್ಕೆ, ವಿಂಡೋಸ್ 11 ಬಂತು. ಜೊತೆಗೆ ಒಂದು ಷರತ್ತುಪಟ್ಟಿಯನ್ನೂ ತಂತು.

ತಕರಾರು ಇರುವುದು ಆ ಪಟ್ಟಿಯಲ್ಲೇ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಎಂಬವು ದೊಡ್ಡ ಮಾತಲ್ಲ. ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ಸೆಕ್ಯೂರ್ ಬೂಟ್ ಸೌಲಭ್ಯ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ, ಎಎಂಡಿ ಆದರೆ ರೈಜನ್ 2000 ಸರಣಿಯ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ ಇರಬೇಕು ಎಂದಾಗ ಮನೆಮನೆಯ ಯಂತ್ರಗಳು ಹೊರಗುಳಿದವು. ಐ5-8400 ಇದ್ದವರು ಒಳಗೆ, ಐ5-7400 ಇದ್ದವರು ಹೊರಗೆ. ಅಡ್ಡಗೆರೆಯ ನಂತರದ ಮೊದಲ ಅಂಕಿಯೇ ತೀರ್ಪು. ಎರಡಕ್ಕೂ ನಡುವೆ ಇರುವುದು ಒಂದು ವರ್ಷಕ್ಕೂ ಕಡಿಮೆ ಅಂತರ. ನಿಯಮಕ್ಕೆ ವಿನಾಯಿತಿಯೂ ಉಂಟು: ಏಳನೆಯ ತಲೆಮಾರಿನ ಐ7-7820ಎಚ್‌ಕ್ಯೂ ಎಂಬ ಚಿಪ್ಪನ್ನು ಆಯ್ದ ಯಂತ್ರಗಳ ಮಟ್ಟಿಗೆ ಆಮೇಲೆ ಪಟ್ಟಿಗೆ ಸೇರಿಸಲಾಯಿತು. ಅದೇ ಚಿಪ್ಪು ಮೈಕ್ರೊಸಾಫ್ಟಿನದೇ ಆದ ಸರ್ಫೇಸ್ ಸ್ಟುಡಿಯೊ 2 ಎಂಬ ದುಬಾರಿ ಕಂಪ್ಯೂಟರಿನಲ್ಲಿತ್ತು. ಮಾರುಕಟ್ಟೆ ವಿಶ್ಲೇಷಕ ಸಂಸ್ಥೆ ಕ್ಯಾನಲಿಸ್ 2023ರ ಕೊನೆಯಲ್ಲಿ ಹಾಕಿದ ಅಂದಾಜಿನಂತೆ, ಈ ಗಡುವಿನಿಂದ 24 ಕೋಟಿ ಕಂಪ್ಯೂಟರುಗಳು ಕಸದ ದಾರಿ ಹಿಡಿಯಬಹುದಿತ್ತು.

ಹಾಗಿದ್ದರೆ ಏರಲಾಗದವರು, ಏರಲು ಮನಸ್ಸಿಲ್ಲದವರು ಎಷ್ಟು ಹೆದರಬೇಕು? ಇದಕ್ಕೆ ಹಳೆಯ ದಾಖಲೆಯೊಂದು ಇದೆ. 2017ರ ಮಾರ್ಚ್ 14ರಂದು ಮೈಕ್ರೊಸಾಫ್ಟ್ ತನ್ನ ತಂತ್ರಾಂಶದಲ್ಲಿದ್ದ ಒಂದು ತೂತಿಗೆ ತೇಪೆ ಹಾಕಿತು. ಎರಡು ತಿಂಗಳೂ ತುಂಬುವ ಮುನ್ನ, ಮೇ 12ಕ್ಕೆ, ಅದೇ ತೂತಿನಿಂದ ನುಗ್ಗಿದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಹಾಕಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ 19 ಸಾವಿರಕ್ಕೂ ಹೆಚ್ಚು ಭೇಟಿಗಳು ರದ್ದಾದವೆಂದು ಅಲ್ಲಿನ ಲೆಕ್ಕಪರಿಶೋಧಕರು ಅಂದಾಜಿಸಿದರು. ಬೆಂಬಲ ಮುಗಿದು ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೊಸಾಫ್ಟ್ ತುರ್ತಾಗಿ ತೇಪೆ ಬಿಡುಗಡೆ ಮಾಡಬೇಕಾಯಿತು.

ಈ ಕಥೆಯನ್ನು ‘ನೋಡಿ, ಹಳೆಯದನ್ನು ಇಟ್ಟುಕೊಂಡರೆ ಹೀಗಾಗುತ್ತದೆ’ ಎಂದು ಹೇಳಿ ಹೊಸ ಲ್ಯಾಪ್‌ಟಾಪ್ ಮಾರುವವರು ಬಹಳ. ಆದರೆ ಆ ದಿನ ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ಎಕ್ಸ್‌ಪಿಯವಲ್ಲ, ವಿಂಡೋಸ್ 7ರವು. ವಿಂಡೋಸ್ 7ಕ್ಕೆ ಆಗ ಬೆಂಬಲ ಇತ್ತು, ತೇಪೆಯೂ ಬಂದಿತ್ತು. ಹಾಕಿಕೊಂಡಿರಲಿಲ್ಲ, ಅಷ್ಟೇ. ಆವೃತ್ತಿಯ ಸಂಖ್ಯೆಗಿಂತ ಅಪ್‌ಡೇಟ್ ಆಗಿದೆಯೋ ಇಲ್ಲವೋ ಎಂಬುದೇ ಮುಖ್ಯ. ವಿಂಡೋಸ್ 11 ಹಾಕಿಸಿಕೊಂಡು ಆರು ತಿಂಗಳು ಅಪ್‌ಡೇಟನ್ನು ಮುಂದೂಡುತ್ತ ಕೂತವರು, ತೇಪೆ ಹಾಕಿಸಿಕೊಳ್ಳುತ್ತಿರುವ ವಿಂಡೋಸ್ 10ರವರಿಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ.

ವಿಂಡೋಸ್ 10ಕ್ಕೆ ತೇಪೆ ಇನ್ನೂ ಸಿಗುತ್ತದೆ ಎಂಬ ಸಂಗತಿಯೇ ಬಹಳ ಮಂದಿಗೆ ತಲುಪಿಲ್ಲ. ವಿಸ್ತರಿತ ಭದ್ರತಾ ಅಪ್‌ಡೇಟ್, ಅಂದರೆ ಇಎಸ್‌ಯು ಎಂಬ ಯೋಜನೆಯನ್ನು ಮೈಕ್ರೊಸಾಫ್ಟ್ ಮೊದಲ ಬಾರಿಗೆ ಮನೆಬಳಕೆಯವರಿಗೂ ತೆರೆಯಿತು. 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟುಗಳಷ್ಟೇ ಬರುತ್ತವೆ, ಹೊಸ ಸೌಲಭ್ಯಗಳಿಲ್ಲ. ಇದಕ್ಕೆ ಅಮೆರಿಕದಲ್ಲಿ 30 ಡಾಲರ್ ಬೆಲೆ ಇಟ್ಟಿದ್ದರೂ ದುಡ್ಡು ಕೊಡದೆ ಪಡೆಯುವ ದಾರಿಯೂ ಇದೆ: ಕಂಪ್ಯೂಟರಿನ ಸೆಟ್ಟಿಂಗ್ಸನ್ನು ಮೈಕ್ರೊಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಸಾಕು. ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು. ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್ ನೌ’ ಎಂಬ ಕೊಂಡಿ ಕಾಣಿಸುತ್ತದೆ. ಒಂದೇ ನೋಂದಣಿ ಹತ್ತು ಯಂತ್ರಗಳವರೆಗೆ ನಡೆಯುತ್ತದೆ. ಅಣ್ಣ, ಅತ್ತಿಗೆ, ಅಜ್ಜಿಯ ಮನೆಯದನ್ನೂ ಸೇರಿಸಿಬಿಡಬಹುದು. ಯುರೋಪಿನ ಬಳಕೆದಾರರ ಸಂಘಟನೆಗಳು ಜಗಳ ಕಾದಿದ್ದರಿಂದ ಅಲ್ಲಿನವರಿಗೆ ಬ್ಯಾಕಪ್ಪಿನ ಷರತ್ತೂ ಇಲ್ಲ. ಭಾರತದವರಿಗೆ ಆ ರಿಯಾಯಿತಿ ಸಿಗಲಿಲ್ಲ.

ಇದು ಕೊಂಚ ಸಮಯ ಕೊಡುತ್ತದೆ, ನಿರ್ಧಾರವನ್ನು ಮಾತ್ರ ಮಾಡಿಕೊಡುವುದಿಲ್ಲ. ನಿರ್ಧಾರಕ್ಕೆ ನೋಡಬೇಕಾದ್ದು ಆ ಕಂಪ್ಯೂಟರಿನಲ್ಲಿ ದಿನಾ ಏನು ನಡೆಯುತ್ತದೆ ಎಂಬುದನ್ನು. ನೆಟ್ ಬ್ಯಾಂಕಿಂಗ್, ಆದಾಯ ತೆರಿಗೆ ರಿಟರ್ನ್ಸ್, ಆಧಾರ್ ಮತ್ತು ಪಹಣಿ ಡೌನ್‌ಲೋಡು ನಡೆಯುವ ಯಂತ್ರ ತೇಪೆಯಿಲ್ಲದೆ ಒಂದು ತಿಂಗಳೂ ಇರಕೂಡದು. ಹಳೆಯ ಹಾಡು, ಮದುವೆ ವಿಡಿಯೊ ನೋಡಲಷ್ಟೇ ಇರುವ, ಇಂಟರ್ನೆಟ್ಟಿಗೆ ಜೋಡಿಸದ ಯಂತ್ರ ವಿಂಡೋಸ್ 7ರಲ್ಲೇ ಇದ್ದರೂ ಯಾರ ಗಂಟೂ ಹೋಗುವುದಿಲ್ಲ. ಇವೆರಡರ ನಡುವೆ ಇರುವವರೇ ಹೆಚ್ಚು. ಅವರು ಗಮನಿಸಬೇಕಾದ್ದು ಬ್ರೌಸರನ್ನು. ಇಂದು ಮನೆಗಳಿಗೆ ಕೇಡು ನುಗ್ಗುವುದು ಬಹುತೇಕ ಬ್ರೌಸರ್ ಮತ್ತು ಇಮೇಲಿನ ಬಾಗಿಲಿನಿಂದ. ಓಎಸ್‌ನ ಬೆಂಬಲ ನಿಂತ ಮೇಲೂ ಬ್ರೌಸರಿಗೆ ಅಪ್‌ಡೇಟು ಬರುವುದುಂಟು: ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ನಿಂತರೂ ಕ್ರೋಮ್ 2023ರ ಆರಂಭದವರೆಗೆ ಅದನ್ನು ಕೈಬಿಡಲಿಲ್ಲ. ವಿಂಡೋಸ್ 10ರ ಡಿಫೆಂಡರ್ ಆ್ಯಂಟಿವೈರಸ್‌ಗೆ ಹೊಸ ವೈರಸ್ಸುಗಳ ವಿವರ 2028ರ ಅಕ್ಟೋಬರ್‌ವರೆಗೂ ಬರುತ್ತದೆಂದು ಮೈಕ್ರೊಸಾಫ್ಟೇ ಹೇಳಿದೆ. ಆದರೆ ಓಎಸ್‌ನೊಳಗಿನ ತೂತನ್ನು ಆ್ಯಂಟಿವೈರಸ್ ಮುಚ್ಚಲಾರದು.

ಏರುವುದೇ ಸರಿ ಎಂದುಕೊಂಡವರು ಹೊಸದು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಮೈಕ್ರೊಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಎಂಬ ಪುಟ್ಟ ತಂತ್ರಾಂಶ ಈ ಯಂತ್ರ ಆಗುವುದೋ ಇಲ್ಲವೋ ಎಂದು ಹೇಳುತ್ತದೆ. ಆದರೆ ಅದು ‘ಆಗುವುದಿಲ್ಲ’ ಎಂದಾಕ್ಷಣ ಕೈಚೆಲ್ಲಬೇಕಿಲ್ಲ, ಕಾರಣ ಓದಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ಜೋಡಿಸಿದ ‘ಅಸೆಂಬಲ್ಡ್’ ಡೆಸ್ಕ್‌ಟಾಪುಗಳಲ್ಲಿ ಟಿಪಿಎಂ ಇದ್ದೂ ಆಫ್ ಆಗಿರುವುದು ಮಾಮೂಲು. ಯಂತ್ರ ಆನ್ ಆಗುವಾಗಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್ ಒಳಗೆ ಹೋದರೆ, ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಎಂದೂ ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದೂ ಒಂದು ಸಾಲು ಸಿಗುತ್ತದೆ. ಅದನ್ನು ಎನೇಬಲ್ ಮಾಡಿ ಎಫ್10 ಒತ್ತಿದರೆ ಮುಗಿಯಿತು. ಸೆಕ್ಯೂರ್ ಬೂಟ್ ಕೊಂಚ ತೊಡಕಿನದು. ಹಾರ್ಡ್‌ಡಿಸ್ಕು ಹಳೆಯ ಎಂಬಿಆರ್ ಪದ್ಧತಿಯಲ್ಲಿ ಭಾಗವಾಗಿದ್ದರೆ ಮೊದಲು ಜಿಪಿಟಿಗೆ ಬದಲಿಸಬೇಕು. ಬಯೋಸ್ ಕಂಡು ಅಭ್ಯಾಸವಿಲ್ಲದವರು ಇದನ್ನು ಬಲ್ಲವರ ಕೈಗೆ ಕೊಡುವುದೇ ಲೇಸು.

ಇನ್ನು ವೇಗದ ಮಾತು. ‘ಹೊಸ ವಿಂಡೋಸ್ ಹಾಕಿಸಿದ ಮೇಲೆ ಸ್ಲೋ ಆಯಿತು’ ಎಂಬ ದೂರು ಎಲ್ಲ ಕಾಲದ್ದು, ಮತ್ತು ಬಹುತೇಕ ನಿಜ. ತಿರುಗುವ ಹಾರ್ಡ್‌ಡಿಸ್ಕಿನ ಮೇಲೆ ವಿಂಡೋಸ್ 11 ತೆವಳುತ್ತದೆ. 4 ಜಿಬಿ ರ‍್ಯಾಮ್ ಸಾಕೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಕ್ರೋಮಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಸಾಕು, ಉಸಿರು ಕಟ್ಟುತ್ತದೆ. ಹಾರ್ಡ್‌ಡಿಸ್ಕಿನ ಜಾಗಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿ ರ‍್ಯಾಮನ್ನು 8 ಜಿಬಿ ಮಾಡಿಸಿದರೆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಇದಕ್ಕೆ ಆಗುವ ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಪಾಲಷ್ಟೇ. ಅಂಗಡಿಯವರು ತಾವಾಗಿ ಈ ಸಲಹೆ ಕೊಡುವುದು ಅಪರೂಪ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಹೆಚ್ಚಿನ ತಾಪತ್ರಯವಿದೆ, ಇಂಗ್ಲಿಷ್ ಪತ್ರಿಕೆಗಳ ‘ಅಪ್‌ಗ್ರೇಡ್ ಮಾಡುವುದು ಹೇಗೆ’ ಲೇಖನಗಳಲ್ಲಿ ಅದರ ಸುಳಿವೂ ಇರುವುದಿಲ್ಲ. ನಿವೃತ್ತ ಮೇಷ್ಟರೊಬ್ಬರು ಇಪ್ಪತ್ತು ವರ್ಷದಿಂದ ನುಡಿ, ಬರಹದಂಥ ಕನ್ನಡ ತಂತ್ರಾಂಶಗಳಲ್ಲಿ ಟೈಪಿಸಿಟ್ಟ ಕಡತಗಳನ್ನು ಎಣಿಸಿಕೊಳ್ಳಿ: ಊರಿನ ಇತಿಹಾಸ, ಆಕಾಶವಾಣಿಗೆ ಬರೆದ ಚಿಂತನ, ಸಂಘದ ವರದಿಗಳು. ಯುನಿಕೋಡ್ ಮನೆಮಾತಾಗುವ ಮುನ್ನಿನ ಆ ಕಡತಗಳೊಳಗೆ ಇರುವುದು ಕನ್ನಡ ಅಕ್ಷರಗಳ ಸಂಕೇತಗಳಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಿಗೆ ಫಾಂಟು ತೊಡಿಸಿದ ಕನ್ನಡದ ವೇಷ. ಡಿಸ್ಕು ಒರೆಸಿ ಹೊಸದಾಗಿ ವಿಂಡೋಸ್ ಹಾಕಿಸಿದ ಯಂತ್ರದಲ್ಲಿ, ಆ ಫಾಂಟು ಇಲ್ಲದೆ ಅಂಥ ಕಡತ ತೆರೆದರೆ ‘ಕನ್ನಡ’ ಎಂಬ ಪದ ಇದ್ದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ನರ ಒಂದು ಅಕ್ಷರ, ಒಂದು ಕ್ಯೂ ಬೆರೆತು ನಿಂತಿರುತ್ತವೆ. ಕಡತ ಕೆಟ್ಟಿಲ್ಲ. ಫಾಂಟು ಹಾಕಿದೊಡನೆ ಕನ್ನಡ ಮರಳುತ್ತದೆ. ಅದಕ್ಕೇ ಫಾರ್ಮ್ಯಾಟ್ ಮಾಡಿಸುವ ಮೊದಲು ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ, ಶ್ರೀಲಿಪಿಯ ಫಾಂಟುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಸಮಯ ಸಿಕ್ಕಾಗ ಆ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿಟ್ಟರೆ ಇನ್ನೂ ಒಳ್ಳೆಯದು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಯುನಿಕೋಡಿನಲ್ಲೇ ಬರೆದವರಿಗೂ ಸಣ್ಣದೊಂದು ಆಶ್ಚರ್ಯ ಕಾದಿರುತ್ತದೆ. ಎಕ್ಸ್‌ಪಿ ಕಾಲದಿಂದ ಕನ್ನಡಿಗರು ಕಂಡ ತುಂಗಾ ಫಾಂಟು ಈಗ ತಾನಾಗಿ ಬರುವುದಿಲ್ಲ. ನಿರ್ಮಲಾ ಅದರ ಜಾಗದಲ್ಲಿ ಕೂತಿದೆ. ತುಂಗಾ ಬೇಕಾದವರು ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಿಕೊಳ್ಳಬೇಕು. ತುಂಗಾದಲ್ಲಿ ಪುಟ ಕಟ್ಟಿದ ಸ್ಮರಣ ಸಂಚಿಕೆಯ ಸಾಲುಗಳೆಲ್ಲ ಆಚೀಚೆ ಜರುಗಿದ್ದರೆ ಕಾರಣ ಇದೇ.

ಹಳೆಯ ತಂತ್ರಾಂಶಗಳ ವಿಷಯವೂ ಅಷ್ಟೇ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಡಾಸ್ ಕಾಲದ 16 ಬಿಟ್ ತಂತ್ರಾಂಶಗಳು, ಅಂದರೆ ಜಾತಕ ಬರೆಯುವುದೋ ಸಹಕಾರ ಸಂಘದ ಲೆಕ್ಕ ಇಡುವುದೋ, ಅದರಲ್ಲಿ ನೇರವಾಗಿ ಓಡುವುದಿಲ್ಲ. ಸಣ್ಣ ಊರುಗಳ ಡಿಟಿಪಿ ಮಾಡುವವರಲ್ಲಿ ಪೇಜ್‌ಮೇಕರ್ ಬಿಡದವರು ಇನ್ನೂ ಇದ್ದಾರೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅಂಥವರು ಹಳೆಯ ಯಂತ್ರವನ್ನು ಇಂಟರ್ನೆಟ್ ಕಿತ್ತು ಆ ಒಂದು ಕೆಲಸಕ್ಕೇ ಮೀಸಲಿಡುವುದು ವಾಸಿ.

ಷರತ್ತು ದಾಟಲಾಗದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಗುರುತು ಹಾಕಿದರೆ ತಪಾಸಣೆಯೇ ನಡೆಯುವುದಿಲ್ಲ. ಹಾಕಿಸಿಕೊಂಡವರ ಯಂತ್ರ ಓಡುತ್ತಲೂ ಇದೆ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟಿನ ಖಾತರಿ ಇಲ್ಲವೆಂದು ಕಂಪನಿ ಮೊದಲೇ ಹೇಳಿಬಿಟ್ಟಿದೆ, ಮತ್ತು 2024ರ 24ಎಚ್2 ಆವೃತ್ತಿ ಕೋರ್ 2 ಡ್ಯುವೊ ಕಾಲದ ಪ್ರೊಸೆಸರುಗಳಲ್ಲಿ ಬೂಟ್ ಆಗುವುದೇ ಇಲ್ಲ. ಅಪ್‌ಡೇಟಿಗಾಗಿಯೇ ಏರಲು ಹೊರಟವರಿಗೆ ಅಪ್‌ಡೇಟಿನ ಖಾತರಿಯಿಲ್ಲದ ದಾರಿ ಯಾಕೆ? ಕಳ್ಳ ಕೀ ಬಳಸಿ ‘ಆ್ಯಕ್ಟಿವೇಟ್’ ಮಾಡಿಸಿಕೊಳ್ಳುವುದಂತೂ ಹುಡುಕಿಕೊಂಡು ಹೋಗಿ ವೈರಸ್ ತಂದಂತೆ.

ಲಿನಕ್ಸ್ ಇದೆಯಲ್ಲ ಎಂದು ಈ ಹೊತ್ತಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಇದೆ, ಮತ್ತು ಹತ್ತು ವರ್ಷದ ಹಿಂದಿನ ಯಂತ್ರಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಲಿನಕ್ಸ್ ಮಿಂಟ್ 22 ಬಂದದ್ದು 2024ರಲ್ಲಿ, ಬೆಂಬಲ 2029ರವರೆಗೆ. ಪೆನ್‌ಡ್ರೈವಿನಿಂದಲೇ ಓಡಿಸಿ, ಡಿಸ್ಕನ್ನು ಮುಟ್ಟದೆ, ವೈಫೈ ಮತ್ತು ಪ್ರಿಂಟರು ಕೆಲಸ ಮಾಡುತ್ತವೆಯೇ ಎಂದು ನೋಡಬಹುದು. ವಿಂಡೋಸ್‌ಗೆ ಈ ಸೌಜನ್ಯವಿಲ್ಲ. ನುಡಿಯ ಕೀಲಿಮಣೆಗೆ ಒಗ್ಗಿದವರಿಗೆ ಅದೇ ಕೆಜಿಪಿ ವಿನ್ಯಾಸ ಅಲ್ಲೂ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟುಗಳೂ ಇವೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ.

ಆದರೆ ಟ್ಯಾಲಿ, ಜಿಎಸ್‌ಟಿಗೆ ಸಹಿ ಹಾಕುವ ಡಿಎಸ್‌ಸಿ ಟೋಕನ್, ಕಚೇರಿಯವರು ಕಳಿಸುವ ಮ್ಯಾಕ್ರೊ ತುಂಬಿದ ಎಕ್ಸೆಲ್ ಹಾಳೆ ಇವುಗಳಲ್ಲಿ ಒಂದಿದ್ದರೂ ಲಿನಕ್ಸಿನಲ್ಲಿ ಒದ್ದಾಟ ತಪ್ಪಿದ್ದಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಹೋಗುವ ತೀರ್ಮಾನ ಮಾಡಿ, ಸುಮಾರು 15 ಸಾವಿರ ಕಂಪ್ಯೂಟರುಗಳನ್ನು ಬದಲಿಸಿ, 2017ರಲ್ಲಿ ಹಳೇ ಗಂಡನ ಪಾದವೇ ಗತಿ ಎಂದು ವಿಂಡೋಸಿಗೆ ಮರಳುವ ತೀರ್ಮಾನ ಕೈಗೊಂಡಿತು. ಒಂದು ನಗರಕ್ಕೆ ಹೀಗಾಯಿತೆಂದು ಒಂದು ಮನೆಗೂ ಆಗಬೇಕೆಂದಿಲ್ಲ. ಮನೆಯಲ್ಲಿ ನಿಭಾಯಿಸಬೇಕಾದ ತಂತ್ರಾಂಶಗಳು ಬೆರಳೆಣಿಕೆಯಷ್ಟು. ಬ್ರೌಸರು, ಪತ್ರ ಬರೆಯುವುದು, ಯೂಟ್ಯೂಬ್ ಇಷ್ಟಕ್ಕೇ ಮುಗಿಯುವ ಮನೆಗೆ ಹೊಸ ಯಂತ್ರ ಕೊಳ್ಳುವುದಕ್ಕಿಂತ ಲಿನಕ್ಸೇ ಸರಿಯಾದ ಆಯ್ಕೆ.

ಏರುವ ದಿನದ ಎಚ್ಚರ ಬೇರೆಯೇ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಒಂದು ಅಪ್‌ಡೇಟು ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಖಾಲಿ ಮಾಡಿತ್ತು. ಮೈಕ್ರೊಸಾಫ್ಟ್ ಅದನ್ನು ತಡೆಹಿಡಿದು, ಸರಿಪಡಿಸಿ, ಮತ್ತೆ ಬಿಡುಗಡೆ ಮಾಡಿದ್ದು ನವೆಂಬರಿನಲ್ಲಿ. ಹೀಗಾಗುವುದು ಅಪರೂಪ, ಆದರೆ ಆದವರಿಗೆ ಆ ಮಾತು ಸಮಾಧಾನ ತರುವುದಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಅಪ್‌ಗ್ರೇಡ್ ಹಚ್ಚಿ ಬಿಡುವುದು, ಅದೂ ಮಳೆಗಾಲದ ಮಧ್ಯಾಹ್ನ, ಕರೆಂಟನ್ನು ನಂಬಿದವರ ಸಾಹಸ. ಏರಿದ ಮೇಲೆ ಹಿಡಿಸದಿದ್ದರೆ ಹತ್ತು ದಿನದೊಳಗೆ ಸೆಟ್ಟಿಂಗ್ಸಿನಿಂದಲೇ ಹಿಂದಿನ ವಿಂಡೋಸಿಗೆ ಮರಳಬಹುದು. ಆಮೇಲೆ ಆ ಹಿಂದಿನ ವಿಂಡೋಸಿನ ಕಡತಗಳು ತಾವಾಗಿ ಅಳಿಯುತ್ತವೆ. ಪ್ರಿಂಟರು, ಸ್ಕ್ಯಾನರು, ವೆಬ್‌ಕ್ಯಾಮ್, ಟೋಕನ್ನು ಎಲ್ಲವನ್ನೂ ಆ ಹತ್ತು ದಿನದಲ್ಲೇ ಒಮ್ಮೆ ಓಡಿಸಿ ನೋಡಿಬಿಡಬೇಕು.

ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗದ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ವಿಂಡೋಸ್ 11ರ ಈಚಿನ ಆವೃತ್ತಿಯನ್ನು ಮೈಕ್ರೊಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದಾಗ ಡಿಸ್ಕು ತಾನಾಗಿ ಗೂಢಲಿಪಿಗೆ ತಿರುಗುವುದುಂಟು. ಕಳ್ಳನ ಕೈಗೆ ಲ್ಯಾಪ್‌ಟಾಪ್ ಸಿಕ್ಕರೆ ಇದು ವರ. ಆದರೆ ಮದರ್‌ಬೋರ್ಡ್ ಕೆಟ್ಟಾಗಲೋ ಬಯೋಸ್ ಸೆಟ್ಟಿಂಗ್ ಬದಲಾದಾಗಲೋ ಪರದೆಯ ಮೇಲೆ 48 ಅಂಕಿಗಳ ಕೀ ಕೇಳಿದಾಗ, ‘ಅದ್ಯಾವುದೋ ಖಾತೆ, ಅಂಗಡಿ ಹುಡುಗನೇ ಮಾಡಿಕೊಟ್ಟದ್ದು’ ಎನ್ನುವವರ ಗತಿ ಏನು? ಕೀ ಇರುವುದು ಆ ಖಾತೆಯಲ್ಲೇ. ಆದ್ದರಿಂದ ಖಾತೆ ಮನೆಯವರ ಹೆಸರಿನಲ್ಲಿ, ಮನೆಯವರ ಮೊಬೈಲ್ ಸಂಖ್ಯೆಯಲ್ಲಿ ಇರಬೇಕು. ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡಬೇಕು.

ಇಷ್ಟೆಲ್ಲ ನೋಡಿದ ಮೇಲೆ ಲೆಕ್ಕ ಹೀಗೆ ಬರುತ್ತದೆ. ಯಂತ್ರ ಷರತ್ತು ದಾಟುವುದಾದರೆ, ಎಸ್‌ಎಸ್‌ಡಿ ಇದ್ದರೆ, ಏರಿಬಿಡುವುದೇ ಸರಿ. ಸ್ಟಾರ್ಟ್ ಬಟನ್ ನಡುವಿಗೆ ಬಂತೆಂಬ ಮುನಿಸು ವಾರದಲ್ಲಿ ಹೋಗುತ್ತದೆ, ಬೇಕಾದವರು ಅದನ್ನು ಎಡಕ್ಕೂ ಸರಿಸಿಕೊಳ್ಳಬಹುದು. ದಾಟದಿದ್ದರೆ ಇಎಸ್‌ಯುಗೆ ನೋಂದಾಯಿಸಿ, ಆ ಅವಧಿಯಲ್ಲಿ ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ಪರೀಕ್ಷಿಸಿ ನೋಡುವುದು. ಎರಡೂ ಒಗ್ಗದಿದ್ದಾಗಲಷ್ಟೇ ಹೊಸದರ ಮಾತು. ಆಗಲೂ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು ಡಿಸ್ಕನ್ನು ಕಳಚಿಟ್ಟುಕೊಳ್ಳಬೇಕು. ಡಿಲೀಟ್ ಮಾಡಿದ ಫೋಟೊ, ಪಾನ್ ಕಾರ್ಡಿನ ಪ್ರತಿಗಳನ್ನು ಮರಳಿ ತೆಗೆಯುವುದು ಬಲ್ಲವರಿಗೆ ಕಷ್ಟವಲ್ಲ.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಫೋಟೊಗಳು, ಕಡತಗಳು, ಫಾಂಟುಗಳು ಇಷ್ಟನ್ನೂ ಹೊರಗಿನ ಒಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ, ನಾಲ್ಕಾರು ಕಡತ ತೆರೆದು ನೋಡಿ. ಇಎಸ್‌ಯು ಗಡುವಿನವರೆಗೆ ಕಾಯಬೇಕಿಲ್ಲ, ಇವತ್ತೇ ಮಾಡಿ.